ನೂರು ದಾಟಿದ ಹಿರಿಯರು: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆ ಊರೂರು ಸುತ್ತಿದರೆ "ನಮ್ಮಜ್ಜಿಗೆ ನೂರಾಗಿದೆ" ಅನ್ನುವವರು ಸಿಕ್ಕೇ ಸಿಗುತ್ತಾರೆ. ಅದನ್ನು ಕೇಳಿದವರು ತಕ್ಷಣ ಕೇಳುವುದು ಒಂದೇ: "ಏನು ತಿಂತಿದ್ರು?" ಆ ಪ್ರಶ್ನೆಗೆ ಉತ್ತರ ಕೆಳಗಿದೆ. ಆದರೆ ಊಟಕ್ಕಿಂತ ದೊಡ್ಡ ವಿಷಯಗಳೂ ಇವೆ. ಮನೆಯಲ್ಲಿ ತೊಂಬತ್ತು ದಾಟಿದವರು ಇರುವವರಿಗಾಗಿ ಇದನ್ನು ಬರೆದಿದ್ದೇನೆ.

ನಮ್ಮ ಕಡೆ ನೂರು ದಾಟಿದವರು ಅಂತ ಯಾರನ್ನು ಹೇಳಬಹುದು?

ಮೊದಲು ನೆನಪಿಗೆ ಬರುವವರು ತುಮಕೂರಿನ ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿ. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರ ಏಪ್ರಿಲ್ 1ರಂದು ಹುಟ್ಟಿದರು. 2019ರ ಜನವರಿ 21ರಂದು ಲಿಂಗೈಕ್ಯರಾದಾಗ 111 ವರ್ಷ. 1930ರಲ್ಲಿ ದೀಕ್ಷೆ, 1941ರಿಂದ ಮಠದ ಪೂರ್ತಿ ಹೊಣೆ. ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಡುವ ಕೆಲಸದಿಂದ ನೂರಾದ ಮೇಲೂ ಅವರು ಹಿಂದೆ ಸರಿಯಲಿಲ್ಲ.

ಚಿಕ್ಕಬಳ್ಳಾಪುರದವರಿಗೆ ಸರ್ ಎಂ. ವಿಶ್ವೇಶ್ವರಯ್ಯನವರು ಸ್ವಂತ ಊರಿನವರು. ನಂದಿ ಬೆಟ್ಟದ ಬುಡದ ಮುದ್ದೇನಹಳ್ಳಿಯಲ್ಲಿ ಹುಟ್ಟಿದರು. 1962ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಸಮಾಧಿಯೂ ಅಲ್ಲೇ ಇದೆ. ಹುಟ್ಟಿದ್ದು 1860ರ ಸೆಪ್ಟೆಂಬರ್ 15 ಅಂತ ಕೆಲವರು, 1861 ಅಂತ ಕೆಲವರು. ಯಾವ ಲೆಕ್ಕ ಹಿಡಿದರೂ ನೂರು ದಾಟುತ್ತದೆ. ತೊಂಬತ್ತು ದಾಟಿದ ಮೇಲೆ ಬಿಹಾರದಲ್ಲಿ ಗಂಗಾ ನದಿಗೆ ಸೇತುವೆ ಎಲ್ಲಿ ಕಟ್ಟಬೇಕು ಅಂತ ನೋಡಲು ಹೋಗಿದ್ದವರು ಅವರು.

ಸಾಲುಮರದ ತಿಮ್ಮಕ್ಕ ಹುಟ್ಟಿದ್ದು ಗುಬ್ಬಿ ತಾಲ್ಲೂಕಿನಲ್ಲಿ, ಬಾಳಿದ್ದು ಮಾಗಡಿ ತಾಲ್ಲೂಕಿನ ಹುಲಿಕಲ್‌ನಲ್ಲಿ. ಹುಲಿಕಲ್‌ನಿಂದ ಕುದೂರಿನ ಕಡೆಗೆ ಹೋಗುವ ರಸ್ತೆಯಲ್ಲಿ ಗಂಡ ಚಿಕ್ಕಯ್ಯನ ಜೊತೆ ಸೇರಿ ಸುಮಾರು 385 ಆಲದ ಮರ ಬೆಳೆಸಿದರು. ಓದಿರಲಿಲ್ಲ, ಕೂಲಿ ಮಾಡುತ್ತಿದ್ದರು. ಕೊಡದಲ್ಲಿ ನೀರು ಹೊತ್ತು ಸಸಿಗಳಿಗೆ ಹಾಕಿದರು. 2019ರಲ್ಲಿ ಪದ್ಮಶ್ರೀ ಬಂತು. 2025ರ ನವೆಂಬರ್ 14ರಂದು ತೀರಿಕೊಂಡಾಗ 114 ವರ್ಷ ಅಂತ ಲೆಕ್ಕ.

ಮಠಾಧಿಪತಿ, ದಿವಾನರು, ಕೂಲಿ ಮಾಡಿದ ಹೆಣ್ಣುಮಗಳು. ಮೂವರ ಬದುಕಿಗೂ ಏನೇನೂ ಹೋಲಿಕೆ ಇಲ್ಲ. ಆದರೆ ಬೆಳಗ್ಗೆ ಎದ್ದರೆ ಮೂವರಿಗೂ ಮಾಡಬೇಕಾದ ಒಂದು ಕೆಲಸ ಇತ್ತು. ನನಗೆ ಇದು ದೊಡ್ಡ ಸಂಗತಿಯಾಗಿ ಕಾಣುತ್ತದೆ.

"ಅಜ್ಜಿಗೆ ನೂರಾಯ್ತು" ಅಂತಾರೆ. ನಿಜವಾದ ವಯಸ್ಸು ತಿಳಿಯೋದು ಹೇಗೆ?

ಕಾಗದದಲ್ಲಿ ಹುಡುಕಿದರೆ ಸಿಗುವುದು ಕಷ್ಟ. ಹುಟ್ಟು ಸಾವು ನೋಂದಣಿ ಕಾಯ್ದೆ ಬಂದಿದ್ದೇ 1969ರಲ್ಲಿ. ಅದಕ್ಕೂ ಮುಂಚೆ ಮನೆಯಲ್ಲೇ ಹೆರಿಗೆ ಆಗುತ್ತಿತ್ತು. ಬರೆದಿಡುವವರು ಕಡಿಮೆ. ಸ್ಕೂಲಿಗೆ ಹೋದವರಿಗೂ ಮೇಷ್ಟ್ರು ಅಂದಾಜಿನ ಮೇಲೆ ಒಂದು ತಾರೀಕು ಬರೆದು ಸೇರಿಸಿಕೊಳ್ಳುತ್ತಿದ್ದರು.

ಹಾಗಾಗಿ ನೆನಪಿನಿಂದ ವಯಸ್ಸು ಕಟ್ಟಬೇಕು. ಮೊದಲು ಸಂವತ್ಸರ ಕೇಳಿ. "ನಾನು ಹುಟ್ಟಿದ್ದು ರಕ್ತಾಕ್ಷಿ" ಅಂದರೆ 1924ರ ಯುಗಾದಿಯಿಂದ 1925ರ ಯುಗಾದಿವರೆಗೆ. ಕ್ರೋಧನ ಅಂದರೆ 1925-26, ಅಕ್ಷಯ 1926-27, ಪ್ರಭವ 1927-28. ಒಂದೇ ಹೆಸರು ಮತ್ತೆ ಬರುವುದು 60 ವರ್ಷಕ್ಕೆ. ಅಷ್ಟು ವ್ಯತ್ಯಾಸ ಕಣ್ಣಿಗೇ ಗೊತ್ತಾಗುತ್ತದೆ, ಆದ್ದರಿಂದ ಈ ಲೆಕ್ಕ ತಪ್ಪುವುದು ಕಡಿಮೆ.

ಸಂವತ್ಸರ ನೆನಪಿಲ್ಲ ಅಂದರೆ ಆ ಕಾಲದ ದೊಡ್ಡ ಘಟನೆ ಹಿಡಿದು ಕೇಳಿ. ಗೌರಿಬಿದನೂರು ಕಡೆಯವರಾದರೆ ವಿದುರಾಶ್ವತ್ಥದ ಗೋಲಿಬಾರ್. ಅದು ಆಗಿದ್ದು 1938ರ ಏಪ್ರಿಲ್ 25ರಂದು, ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ. "ಆವಾಗ ಮೈ ನೆರೆದಿದ್ಯಾ ಅಜ್ಜಿ? ಮದುವೆ ಆಗಿತ್ತಾ?" ಅಂತ ಕೇಳಿದರೆ ಉತ್ತರ ತಾನಾಗಿ ಬರುತ್ತದೆ. ಗಾಂಧೀಜಿ ನಂದಿ ಬೆಟ್ಟದಲ್ಲಿ ಉಳಿದಿದ್ದು 1927 ಮತ್ತು 1936ರಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡಿದ್ದು 1940ರ ಆಗಸ್ಟ್ 3ರಂದು. ಎರಡನೇ ಮಹಾಯುದ್ಧದ ಕಾಲದ ರೇಷನ್, 1947, ಮೊದಲ ಚುನಾವಣೆ ನಡೆದ 1951-52. ಇವೆಲ್ಲ ನೆನಪಿನ ಗುರುತುಗಲ್ಲುಗಳು.

ಆಮೇಲೆ ಮಕ್ಕಳ ವಯಸ್ಸು ನೋಡಿ. ಹಿರಿಯ ಮಗನಿಗೆ ಈಗ 66, ಅಜ್ಜಿಗೆ 108 ಅಂದರೆ ಚೊಚ್ಚಲ ಹೆರಿಗೆ 42ರಲ್ಲಿ ಆಗಿರಬೇಕು. ಆ ಕಾಲದಲ್ಲಿ ಹದಿನೈದು ಹದಿನಾರಕ್ಕೆ ಮದುವೆ ಆಗುತ್ತಿತ್ತು. ತೀರಿಹೋದ ಮಕ್ಕಳನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ಹೊಂದುತ್ತಿಲ್ಲ ಅಂದರೆ ಅಜ್ಜಿಗೆ ತೊಂಬತ್ತರ ಹತ್ತಿರ ಇರಬಹುದು. ಅದೇನು ಕಡಿಮೆ ವಯಸ್ಸಾ?

ಒಂದು ಮಾತು: ಇದನ್ನು ವಿಚಾರಣೆ ಥರ ಕೇಳಬೇಡಿ. ಅವರೆಕಾಯಿ ಸುಲಿಯುವಾಗ ಪಕ್ಕದಲ್ಲಿ ಕೂತು, ನೀವೂ ಎರಡು ಕಾಯಿ ಸುಲಿಯುತ್ತಾ ಕೇಳಿ. ಕೈ ಆಡುತ್ತಿದ್ದರೆ ಮಾತು ಹರಿಯುತ್ತದೆ. ಕೋಲಾರ, ಚಿಂತಾಮಣಿ, ಬಾಗೇಪಲ್ಲಿ ಕಡೆ ಎಷ್ಟೋ ಹಿರಿಯರಿಗೆ ಹಳೆ ನೆನಪು ತೆಲುಗಿನಲ್ಲೇ ಬರುತ್ತದೆ. ಅವರ ಭಾಷೆಯಲ್ಲೇ ಬಿಡಿ.

ಆಧಾರ್‌ನಲ್ಲಿ 1920 ಅಂತಿದೆ. ಅದು ಸಾಕಲ್ವಾ?

ಸಾಲದು. ದಾಖಲೆ ಇಲ್ಲದವರು ಬಾಯಲ್ಲಿ ಹೇಳಿದ ವರ್ಷವನ್ನೇ ಎಷ್ಟೋ ಕಡೆ ಬರೆದುಕೊಂಡಿದ್ದಾರೆ. ಸರ್ಕಾರಿ ಕೆಲಸಕ್ಕೆ ಅದು ನಡೆಯುತ್ತದೆ, ವಯಸ್ಸಿಗೆ ಸಾಕ್ಷಿ ಆಗುವುದಿಲ್ಲ. 2011ರ ಜನಗಣತಿಯಲ್ಲಿ ನಮ್ಮ ದೇಶದಲ್ಲಿ ನೂರು ದಾಟಿದವರು 6 ಲಕ್ಷಕ್ಕೂ ಹೆಚ್ಚು ಅಂತ ಬಂತು. ಹುಟ್ಟಿದ ದಿನ ಸರಿಯಾಗಿ ಬರೆದಿಡುವ ಜಪಾನ್‌ನಲ್ಲಿ 2025ರಲ್ಲೂ ಇದ್ದದ್ದು ಸುಮಾರು 1 ಲಕ್ಷ. ಅಲ್ಲಿನವರು ನಮಗಿಂತ ಎಷ್ಟೋ ಜಾಸ್ತಿ ವರ್ಷ ಬದುಕುತ್ತಾರೆ. ನಮ್ಮ ಲೆಕ್ಕದಲ್ಲಿ ಅಂದಾಜು ಎಷ್ಟು ಬೆರೆತಿದೆ ಅಂತ ಇದರಲ್ಲೇ ಗೊತ್ತಾಗುತ್ತದೆ.

ಪ್ರಪಂಚದಲ್ಲಿ ಎಲ್ಲರಿಗಿಂತ ಜಾಸ್ತಿ ಬದುಕಿದವರು ಯಾರು?

ದಾಖಲೆ ಇರುವವರಲ್ಲಿ ಫ್ರಾನ್ಸ್‌ನ ಜಾನ್ ಕಾಲ್ಮಾ. 1875ರಲ್ಲಿ ಹುಟ್ಟಿ 1997ರಲ್ಲಿ ತೀರಿಕೊಂಡರು, 122 ವರ್ಷ 164 ದಿನ. ಗಂಡಸರಲ್ಲಿ ಜಪಾನ್‌ನ ಜಿರೊಯೆಮೊನ್ ಕಿಮುರ, 116 ವರ್ಷ. 150, 160 ವರ್ಷದ ಸಾಧುಗಳ ಸುದ್ದಿ ಮೊಬೈಲ್‌ನಲ್ಲಿ ಬಂದರೆ ನಂಬಬೇಡಿ.

ಜಪಾನ್‌ನ ಓಕಿನಾವಾದಲ್ಲಿ ಗುಟ್ಟು ಇದೆಯಂತೆ. ನಿಜವಾ?

ಓಕಿನಾವಾ, ಇಟಲಿಯ ಸಾರ್ಡಿನಿಯಾ, ಗ್ರೀಸ್‌ನ ಇಕಾರಿಯಾ, ಕೋಸ್ಟಾರಿಕಾದ ನಿಕೋಯಾ, ಅಮೆರಿಕದ ಲೋಮಾ ಲಿಂಡಾ. ನೂರು ದಾಟಿದವರು ಜಾಸ್ತಿ ಅಂತ ಈ ಐದು ಜಾಗಕ್ಕೆ ನೀಲಿ ವಲಯ ಅಂತ ಹೆಸರು. ಕಾಳು, ಸೊಪ್ಪು, ನಡಿಗೆ, ನೆಂಟರಿಷ್ಟರ ಜೊತೆ ಇರುವುದು, ಹೊಟ್ಟೆ ಬಿರಿಯ ತಿನ್ನದೇ ಇರುವುದು ಅಲ್ಲಿನ ಬದುಕಿನ ರೀತಿ ಅಂತ ಹೇಳುತ್ತಾರೆ. ಓಕಿನಾವಾದವರು ಹೊಟ್ಟೆ ಹತ್ತರಲ್ಲಿ ಎಂಟು ಪಾಲು ತುಂಬಿದಾಗಲೇ ಕೈ ತೊಳೆಯುವ ರೂಢಿಯವರು.

ಆದರೆ ಅಲ್ಲೂ ವಯಸ್ಸಿನ ದಾಖಲೆ ಗಟ್ಟಿ ಇಲ್ಲ ಅಂತ ಸಂಶೋಧಕ ಸಾಲ್ ನ್ಯೂಮನ್ ಪ್ರಶ್ನೆ ಎತ್ತಿದ್ದಾರೆ. ಜಪಾನ್‌ನಲ್ಲೇ 2010ರಲ್ಲಿ ಪರಿಶೀಲಿಸಿದಾಗ, ದಾಖಲೆಯಲ್ಲಿ ನೂರು ದಾಟಿದ್ದ 2 ಲಕ್ಷ 30 ಸಾವಿರಕ್ಕೂ ಹೆಚ್ಚು ಜನರ ಪತ್ತೆಯೇ ಇರಲಿಲ್ಲ. ತೀರಿಹೋದವರ ಹೆಸರು ತೆಗೆಸದೇ ಹಾಗೇ ಉಳಿದಿತ್ತು. ಆ ಊಟ, ಆ ನಡಿಗೆ ಒಳ್ಳೆಯದೇ. ಅದರಿಂದಲೇ ನೂರು ಬಂತು ಅನ್ನುವುದು ಮಾತ್ರ ಇನ್ನೂ ಗಟ್ಟಿಯಾಗಿಲ್ಲ.

ರಾಗಿ ಮುದ್ದೆ ತಿಂದಿದ್ದಕ್ಕೇ ನಮ್ಮ ಹಿರಿಯರು ನೂರು ಮುಟ್ಟಿದ್ದಾ?

ಬರೀ ಮುದ್ದೆಯಿಂದ ಯಾರೂ ನೂರು ಮುಟ್ಟಲ್ಲ. ಅದೇ ಮುದ್ದೆ ತಿಂದು ಐವತ್ತಕ್ಕೇ ಹೋದವರೂ ಪ್ರತಿ ಊರಲ್ಲಿ ಇದ್ದಾರೆ. ಆದರೂ ನಮ್ಮ ಹಳೆ ಊಟವನ್ನು ನಾನು ಬಿಟ್ಟುಕೊಡುವುದಿಲ್ಲ.

ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಅದರ ಹತ್ತನೇ ಒಂದು ಭಾಗವೂ ಇಲ್ಲ. ನಾರಿನಂಶವೂ ಜಾಸ್ತಿ. ಇದು ರಾಗಿಯ ಬಲ. ಆದರೆ ಮುದ್ದೆಯ ಜೊತೆ ಏನಿತ್ತು ಅನ್ನುವುದನ್ನು ನಾವು ಮರೆತುಬಿಡುತ್ತೇವೆ. ಬಸ್ಸಾರು, ಮಸ್ಸೊಪ್ಪು, ಹುರುಳಿ ಸಾರು, ಹಿತ್ಕಿದ ಅವರೆಬೇಳೆ ಸಾರು, ಹುಚ್ಚೆಳ್ಳು ಚಟ್ನಿ. ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ಆಯ್ದು ತಂದ ಬೆರಕೆ ಸೊಪ್ಪು: ಅಣ್ಣೆ, ಗೋಣಿ, ಹೊನಗೊನೆ, ಜೊತೆಗೆ ಒಂದಿಷ್ಟು ನುಗ್ಗೆ. ಕಾಳು ಬೇಯಿಸಿದ ಕಟ್ಟನ್ನು ಬಸಿದು ಸಾರಿಗೆ, ಕಾಳು ಸೊಪ್ಪು ಪಲ್ಯಕ್ಕೆ. ಒಂದು ಹಿಡಿ ಕಾಳು ಸಹ ವ್ಯರ್ಥ ಆಗುತ್ತಿರಲಿಲ್ಲ.

ಈಗ ಏನಾಗಿದೆ? ಮುದ್ದೆ ಉಳಿದಿದೆ, ಸೊಪ್ಪು ಕಾಳು ಕಡಿಮೆಯಾಗಿದೆ, ಎಣ್ಣೆ ಉಪ್ಪು ಜಾಸ್ತಿಯಾಗಿದೆ. ಅಜ್ಜಿ ದೊಡ್ಡ ಮುದ್ದೆ ನುಂಗಿ ಹೊಲದಲ್ಲಿ ದಿನವಿಡೀ ಬಗ್ಗಿ ಕಳೆ ಕೀಳುತ್ತಿದ್ದಳು. ಮೊಮ್ಮಗ ಅಷ್ಟೇ ದೊಡ್ಡ ಮುದ್ದೆ ತಿಂದು ಕುರ್ಚಿಯಲ್ಲಿ ಕೂರುತ್ತಾನೆ. ಸಕ್ಕರೆ ಕಾಯಿಲೆ ಇರುವವರಿಗೂ ಅದೇ ಮಾತು. ರಾಗಿ ಅಂತ ಎಷ್ಟು ಬೇಕಾದರೂ ತಿನ್ನಬಹುದು ಅಂದುಕೊಳ್ಳಬೇಡಿ, ಮುದ್ದೆ ಸಣ್ಣದಾಗಲಿ, ಸೊಪ್ಪು ಕಾಳು ಜಾಸ್ತಿಯಾಗಲಿ.

ಹಲ್ಲು ಹೋದ ಹಿರಿಯರಿಗೆ ಮುದ್ದೆ ಇನ್ನೊಂದು ಉಪಕಾರ ಮಾಡುತ್ತದೆ. ಅಗಿಯುವ ಹಾಗಿಲ್ಲ, ನುಂಗಿದರೆ ಆಯಿತು. ಆದರೆ ತೊಂಬತ್ತು ದಾಟಿದವರಿಗೆ ನುಂಗುವುದೂ ಕಷ್ಟ ಆಗಬಹುದು. ಊಟ ಮಾಡುವಾಗ ಕೆಮ್ಮು ಬರುತ್ತಿದ್ದರೆ ಮುದ್ದೆಯನ್ನು ಸಾರಿನಲ್ಲಿ ಚೆನ್ನಾಗಿ ಕಲೆಸಿ ಕೊಡಿ, ಇಲ್ಲ ಅಂಬಲಿ ಮಾಡಿ. ಮಲಗಿಸಿಕೊಂಡು ತಿನ್ನಿಸಲೇಬೇಡಿ. ಮತ್ತೆ ಬರೀ ಗಂಜಿಯಲ್ಲಿ ದಿನ ತಳ್ಳಬೇಡಿ. ಕಾಳಿನ ಕಟ್ಟು, ಹಾಲು, ಮೊಸರು, ತಿನ್ನುವವರಾದರೆ ಮೊಟ್ಟೆ, ಯಾವುದಾದರೂ ದಿನಾ ಇರಬೇಕು. ಇಲ್ಲದಿದ್ದರೆ ತೊಡೆ ತೋಳಿನ ಮಾಂಸ ಕರಗಿ, ಎದ್ದು ನಿಲ್ಲುವ ಶಕ್ತಿ ಹೋಗುತ್ತದೆ.

ನಮ್ಮ ವಂಶದಲ್ಲಿ ಎಲ್ಲರೂ ಎಂಬತ್ತು ತೊಂಬತ್ತು ಬದುಕಿದ್ದಾರೆ. ನಾವೂ ಬದುಕ್ತೀವಾ?

ಸ್ವಲ್ಪ ಅನುಕೂಲ ಇದೆ. ಡೆನ್ಮಾರ್ಕಿನ ಅವಳಿ ಮಕ್ಕಳ ಆಯಸ್ಸು ನೋಡಿ ಮಾಡಿದ ಅಧ್ಯಯನದಲ್ಲಿ, ಆಯಸ್ಸಿನ ವ್ಯತ್ಯಾಸದಲ್ಲಿ ವಂಶದ ಪಾಲು ಸುಮಾರು ಕಾಲು ಭಾಗ ಅಂತ ಬಂತು. ಉಳಿದದ್ದು ಬದುಕುವ ರೀತಿ, ಸಿಗುವ ಚಿಕಿತ್ಸೆ, ಅದೃಷ್ಟ. ನೂರು ದಾಟುವ ಮಟ್ಟಕ್ಕೆ ಹೋದರೆ ಮಾತ್ರ ವಂಶದ ಪಾಲು ಇನ್ನೂ ಜಾಸ್ತಿ ಅಂತ ಸಂಶೋಧಕರು ಹೇಳುತ್ತಾರೆ. ಎಂಬತ್ತೈದರವರೆಗೆ ಗಟ್ಟಿಯಾಗಿ ಇರುವುದು ಬಹುಪಾಲು ನಮ್ಮ ಕೈಯಲ್ಲಿದೆ.

ಅಜ್ಜಿ ಎಲೆ ಅಡಿಕೆ, ಹೊಗೆಸೊಪ್ಪು ಹಾಕ್ಕೊಂಡೇ ನೂರು ದಾಟಿದ್ರು. ಹಾಗಾದ್ರೆ ಅದರಿಂದ ತೊಂದರೆ ಇಲ್ಲ ಅಲ್ವಾ?

ಇದೆ. ಹಾಕ್ಕೊಂಡು ಬೇಗ ಹೋದವರು ಜಗಲಿ ಮೇಲೆ ಕೂತು ಕಥೆ ಹೇಳಲು ಉಳಿದಿಲ್ಲ, ಅಷ್ಟೇ. ಫ್ರಾನ್ಸ್‌ನ ಆ 122ರ ಅಜ್ಜಿಯೂ ಸಿಗರೇಟು ಸೇದುತ್ತಿದ್ದರು. ಅದನ್ನು ನೋಡಿ ಸೇದಲು ಶುರು ಮಾಡಬೇಕಾ? ಹೊಗೆಸೊಪ್ಪು ಬಾಯಿ ಕ್ಯಾನ್ಸರ್‌ಗೆ ಕಾರಣ. ಅಡಿಕೆ ಒಂದನ್ನೇ ಜಗಿದರೂ ಅಪಾಯ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿ ಇಪ್ಪತ್ತು ವರ್ಷ ದಾಟಿದೆ. ಅಡಿಕೆ ಬೆಳೆಯೇ ಜೀವನಾಧಾರ ಆಗಿರುವ ಗುಬ್ಬಿ, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಈ ಮಾತು ಕಹಿ ಅಂತ ಗೊತ್ತು. ಆದರೂ ಹೇಳಲೇಬೇಕು. ಬಾಯಲ್ಲಿ ವಾಸಿಯಾಗದ ಹುಣ್ಣು, ಬಿಳಿ ಮಚ್ಚೆ ಕಂಡರೆ ತಕ್ಷಣ ತೋರಿಸಿ.

ನೂರು ದಾಟಿದವರಲ್ಲಿ ಹೆಂಗಸರೇ ಜಾಸ್ತಿ ಯಾಕೆ?

ಎಲ್ಲ ದೇಶದಲ್ಲೂ ಹಾಗೇ. ಜಪಾನ್‌ನಲ್ಲಿ ಹತ್ತರಲ್ಲಿ ಒಂಬತ್ತು ಜನ ಹೆಂಗಸರು. ದೇಹದ ರಚನೆ ಒಂದು ಕಾರಣ, ಬೀಡಿ ಹೆಂಡದಿಂದ ದೂರ ಇದ್ದದ್ದು ಇನ್ನೊಂದು. ಆದರೆ ಜಾಸ್ತಿ ಬದುಕಿದ ಹೆಂಗಸರು ಗಂಡನಿಲ್ಲದೆ, ಕೈಯಲ್ಲಿ ಕಾಸಿಲ್ಲದೆ ಎಷ್ಟೋ ವರ್ಷ ಕಳೆಯುತ್ತಾರೆ. ಆಯಸ್ಸಿನ ಮಾತು ಆಡುವಾಗ ಇದನ್ನು ಬಿಡಬಾರದು.

ಹಳೆ ಕಾಲದವರೇ ಗಟ್ಟಿ, ಈಗಿನವರು ಪುಸ್ಕಲು ಅಂತಾರೆ. ನಿಜವಾ?

ಇಲ್ಲ. ನೂರು ವರ್ಷದ ಹಿಂದೆ ನಮ್ಮ ದೇಶದಲ್ಲಿ ಸರಾಸರಿ ಆಯಸ್ಸು 30 ಕೂಡ ಇರಲಿಲ್ಲ. ಈಗ 70ರ ಆಸುಪಾಸು. ಸಿಡುಬು, ಪ್ಲೇಗು, ಕಾಲರಾ, ಬಾಣಂತಿ ನಂಜು ಊರೂರನ್ನೇ ಖಾಲಿ ಮಾಡುತ್ತಿದ್ದವು. ನಿಮ್ಮ ಅಜ್ಜಿಯನ್ನೇ ಕೇಳಿ, ಹೆತ್ತದ್ದೆಷ್ಟು ಉಳಿದದ್ದೆಷ್ಟು ಅಂತ. ಆ ಎಲ್ಲವನ್ನೂ ದಾಟಿ ಉಳಿದ ಗಟ್ಟಿಗರನ್ನಷ್ಟೇ ನಾವು ಈಗ ನೋಡುತ್ತಿದ್ದೇವೆ.

ಬೋರ್‌ವೆಲ್ ನೀರಿಂದ ಆಯಸ್ಸು ಕಡಿಮೆ ಆಗುತ್ತಾ?

ಆಯಸ್ಸಿಗಿಂತ ಮೂಳೆಗೆ ಹೊಡೆತ. ನಮ್ಮ ಮೂರೂ ಜಿಲ್ಲೆಯ ಎಷ್ಟೋ ಕಡೆ, ಅದರಲ್ಲೂ ಪಾವಗಡ, ಬಾಗೇಪಲ್ಲಿ ಕಡೆ, ಆಳದ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಒಂದು ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು. ಹಿಂದಿನವರು ಕುಡಿದದ್ದು ಕಲ್ಯಾಣಿ, ತೆರೆದ ಬಾವಿಯ ನೀರು. ವರ್ಷಗಟ್ಟಲೆ ಫ್ಲೋರೈಡ್ ನೀರು ಕುಡಿದರೆ ಹಲ್ಲು ಕಂದುತ್ತದೆ, ಮೂಳೆ ಗಂಟು ಬಿಗಿದು ಬಗ್ಗಲು ಏಳಲು ಆಗುವುದಿಲ್ಲ. ಗಮನಿಸಿ: ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಕುಡಿಯಲು, ಅಡಿಗೆಗೆ ಎರಡಕ್ಕೂ ಶುದ್ಧ ನೀರಿನ ಘಟಕದ ನೀರು ಬಳಸಿ, ಇಲ್ಲ ಮಳೆ ನೀರು ಹಿಡಿದಿಡಿ.

ತೊಂಬತ್ತಾಯ್ತು. "ಇನ್ನು ಏನೂ ಮಾಡಬೇಡ, ಸುಮ್ನೆ ಕೂತ್ಕೋ" ಅಂತ ಹೇಳೋದು ಸರಿನಾ?

ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಇದಕ್ಕಿಂತ ಕೆಟ್ಟ ಉಪಕಾರ ಇನ್ನೊಂದಿಲ್ಲ ಅಂತ ನನಗೆ ಅನ್ನಿಸಿದೆ.

ಶಿರಾ ಕಡೆ ಒಂದು ಮನೆಯಲ್ಲಿ ನೋಡಿದ್ದು. ಅಜ್ಜಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಮೊರದ ತುಂಬ ಹುರುಳಿ ಹಾಕಿ ಕೊಟ್ಟಿದ್ದರು. ಕಾಲು ಚಾಚಿ ಕೂತು, ಮೊರವನ್ನು ತೊಡೆ ಮೇಲಿಟ್ಟು, ಬೆರಳ ತುದಿಯಲ್ಲೇ ಕಲ್ಲು ಗುರುತಿಸಿ ಪಕ್ಕಕ್ಕೆ ಹಾಕುತ್ತಿದ್ದರು. ಸೊಸೆ ಒಳಗಿನಿಂದ "ಅತ್ತೆ, ಆಯ್ತಾ? ಒಲೆ ಮೇಲೆ ನೀರಿಟ್ಟಿದೀನಿ" ಅಂತ ಕೂಗಿದರು. ಅಜ್ಜಿ "ತಡಿಯೇ, ಕಲ್ಲು ಬಾಯಿಗೆ ಸಿಕ್ಕರೆ ನನ್ನೇ ಬೈತೀಯ" ಅಂದರು. ಆ ಮನೆಯ ಸಾರು ಅಜ್ಜಿಯ ಕೈಗಾಗಿ ಕಾಯುತ್ತಿತ್ತು. ಹಿರಿಯರಿಗೆ ಇದು ಬೇಕು. ತನ್ನಿಂದ ಮನೆಗೆ ಇನ್ನೂ ಒಂದು ಕೆಲಸ ಆಗುತ್ತದೆ ಅನ್ನುವುದು.

ಹಾರ್ವರ್ಡ್ ವಿಶ್ವವಿದ್ಯಾಲಯ 1938ರಿಂದ ಒಂದೇ ಗುಂಪಿನ ಜನರ ಬದುಕನ್ನು ಹಿಂಬಾಲಿಸಿ ನೋಡುತ್ತಿದೆ. ಹತ್ತಿರದವರ ಜೊತೆ ಬಾಂಧವ್ಯ ಚೆನ್ನಾಗಿರುವವರ ಆರೋಗ್ಯ ವಯಸ್ಸಾದ ಮೇಲೂ ಚೆನ್ನಾಗಿರುತ್ತದೆ ಅಂತ ಅವರಿಗೆ ಕಂಡಿದೆ. ನಮ್ಮಲ್ಲಿ ಮಕ್ಕಳು ಬೆಂಗಳೂರಿಗೆ ಹೋಗಿ ಹಳ್ಳಿ ಮನೆಯಲ್ಲಿ ಅಜ್ಜಿ ತಾತ ಇಬ್ಬರೇ ಉಳಿದಿರುವ ಮನೆಗಳು ಎಷ್ಟೋ. ದಿನಾ ಫೋನ್ ಮಾಡಿ. "ಊಟ ಆಯ್ತಾ" ಅಂತ ಕೇಳಿ ಇಡಬೇಡಿ, ಒಂದು ಸಲಹೆ ಕೇಳಿ. ಯಾವ ಮಳೆಗೆ ಅವರೆ ಬಿತ್ತಬೇಕು, ಉಪ್ಪಿನಕಾಯಿಗೆ ಉಪ್ಪೆಷ್ಟು. ಕಿವಿ ಕೇಳಿಸದೆ ಮಾತು ಬಿಟ್ಟವರಿಗೆ ಮೊದಲು ಕಿವಿ ತೋರಿಸಿ. ಎಷ್ಟೋ ಸಲ "ಅರಳುಮರಳು" ಅಂತ ನಾವು ಅಂದುಕೊಂಡಿದ್ದು ಕಿವುಡು ಆಗಿರುತ್ತದೆ.

ಮನೆಯಲ್ಲಿ ಎಲ್ಲಕ್ಕಿಂತ ಯಾವುದಕ್ಕೆ ಎಚ್ಚರ ಬೇಕು?

ಬೀಳುವುದು. ಈ ವಯಸ್ಸಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದರೆ ಹಾಸಿಗೆ ಹಿಡಿಯುತ್ತಾರೆ. ಆಮೇಲೆ ಎದೆಯಲ್ಲಿ ಕಫ ಕಟ್ಟುತ್ತದೆ, ಬೆನ್ನಲ್ಲಿ ಹುಣ್ಣಾಗುತ್ತದೆ. ಬಚ್ಚಲು ಮನೆಯ ಪಾಚಿ ಉಜ್ಜಿ ತೆಗೆಯಿರಿ, ಗೋಡೆಗೆ ಹಿಡಿಕೆ ಹಾಕಿಸಿ. ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ಸಣ್ಣ ಬಲ್ಬು ಉರಿಯಲಿ. ಹೊಸ ಮನೆಯ ನುಣುಪು ಟೈಲ್ಸ್ ಹಿರಿಯರಿಗೆ ಶತ್ರು.

ನೂರಾದವರಿಗೆ ಆಸ್ಪತ್ರೆ ಯಾಕೆ ಅಂತ ನೆಂಟರು ಅಂತಾರೆ. ಏನು ಮಾಡೋದು?

ಅವರ ಮಾತು ಕೇಳಬೇಡಿ. ಶಿವಕುಮಾರ ಸ್ವಾಮೀಜಿಯವರಿಗೆ 111ನೇ ವಯಸ್ಸಿನಲ್ಲಿ, 2018ರ ಡಿಸೆಂಬರ್‌ನಲ್ಲಿ, ಪಿತ್ತನಾಳದ ತೊಂದರೆಗೆ ಚೆನ್ನೈನಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಅದಕ್ಕೂ ಮುಂಚೆ ಸ್ಟೆಂಟ್‌ಗಳನ್ನೂ ಹಾಕಿದ್ದರು. ಶಿಸ್ತು, ಮಿತ ಊಟ ಎಲ್ಲ ಇದ್ದವರಿಗೂ ಡಾಕ್ಟರು ಬೇಕಾಯಿತು.

ಎಲ್ಲರಿಗೂ ದೊಡ್ಡ ಆಪರೇಷನ್ ಬೇಕಾಗಿಲ್ಲ. ಕಣ್ಣಿನ ಪೊರೆ ತೆಗೆಸಿ, ಬಿಪಿ ನೋಡಿಸಿ. ಬೇರೆ ಬೇರೆ ಡಾಕ್ಟರು ಬರೆದ ಮಾತ್ರೆಗಳನ್ನೆಲ್ಲ ಒಂದೇ ಕವರಿಗೆ ಹಾಕಿಕೊಂಡು ಹೋಗಿ ಒಬ್ಬರಿಗೆ ತೋರಿಸಿ. ಎಷ್ಟೋ ಮಾತ್ರೆ ಬಿಡಿಸಬಹುದು. ಇದ್ದಕ್ಕಿದ್ದಂತೆ ತಲೆ ಕೆಟ್ಟವರ ಹಾಗೆ ಮಾತಾಡಿದರೆ ವಯಸ್ಸಾಯ್ತು ಅಂತ ಬಿಡಬೇಡಿ. ಮೂತ್ರದ ಸೋಂಕು, ನೀರು ಕಡಿಮೆ ಆಗಿರುವುದು, ಉಪ್ಪಿನಂಶ ಇಳಿದಿರುವುದು ಕಾರಣ ಇರಬಹುದು. ಇವಕ್ಕೆಲ್ಲ ಚಿಕಿತ್ಸೆ ಇದೆ. ವಯಸ್ಸಾದವರಿಗೆ ಬಾಯಾರಿಕೆ ಗೊತ್ತಾಗುವುದೇ ಕಡಿಮೆ, ಬೇಸಿಗೆಯಲ್ಲಿ ನೀವೇ ಲೋಟ ಹಿಡಿದು ಹೋಗಿ ಕೊಡಿ.

ಸರ್ಕಾರದಿಂದ ಏನೇನು ಸಿಗುತ್ತೆ?

65 ದಾಟಿದ, ಆದಾಯ ಕಡಿಮೆ ಇರುವವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ನಾಡಕಚೇರಿಯಲ್ಲಿ ಅರ್ಜಿ. ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ 80ಕ್ಕೆ ಮೂಲ ಪಿಂಚಣಿಯ ಮೇಲೆ 20% ಸೇರುತ್ತದೆ, 90ಕ್ಕೆ 40%, ನೂರಾದರೆ ಪೂರ್ತಿ 100%. ಅಂದರೆ ಮೂಲ ಪಿಂಚಣಿ ಎರಡರಷ್ಟು. ಕುಟುಂಬ ಪಿಂಚಣಿ ಪಡೆಯುವ ಅಜ್ಜಿಯರಿಗೂ ಇದು ಇದೆ. 85 ದಾಟಿದವರು ಮನೆಯಲ್ಲೇ ಮತ ಹಾಕಬಹುದು, 12ಡಿ ಫಾರ್ಮ್ ಕೊಡಬೇಕು. ಹಿರಿಯರ ಸಹಾಯವಾಣಿ 14567.

ಹೆಬ್ಬೆರಳು ಸವೆದು ಮೆಷಿನ್ ಹಿಡಿಯುವುದಿಲ್ಲ ಅನ್ನುವುದು ದೊಡ್ಡ ಗೋಳು. ರೇಷನ್ ಅಂಗಡಿ ಮುಂದೆ ತೊಂಬತ್ತರ ತಾತನ ಬೆರಳನ್ನು ಮತ್ತೆ ಮತ್ತೆ ಒರೆಸಿ ಒತ್ತಿಸಿ, ಕೊನೆಗೆ ವಾಪಸ್ ಕಳಿಸಿದ್ದನ್ನು ನೋಡಿ ಹೊಟ್ಟೆ ಉರಿದಿದೆ. ಆಧಾರ್ ಕೇಂದ್ರದಲ್ಲಿ ಕಣ್ಣಿನ ಗುರುತು, ಮುಖದ ಫೋಟೊ ಎರಡನ್ನೂ ಹೊಸದಾಗಿ ಮಾಡಿಸಿಡಿ. ಪಿಂಚಣಿಯ ಜೀವಿತ ಪ್ರಮಾಣಪತ್ರವನ್ನು ಈಗ ಮೊಬೈಲ್‌ನಲ್ಲಿ ಮುಖ ತೋರಿಸಿಯೇ ಕೊಡಬಹುದು. 80 ದಾಟಿದ ಕೇಂದ್ರ ಪಿಂಚಣಿದಾರರು ಅಕ್ಟೋಬರ್ 1ರಿಂದಲೇ ಕೊಡಬಹುದು.

ಜಮೀನು ಮಕ್ಕಳ ಹೆಸರಿಗೆ ಬರೆದ ಮೇಲೆ ಅಜ್ಜಿಯನ್ನು ನೋಡಿಕೊಳ್ತಿಲ್ಲ. ದಾರಿ ಇದೆಯಾ?

ಇದೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ನೋಡಿ. ನೋಡಿಕೊಳ್ಳುತ್ತೇನೆ ಅನ್ನುವ ಷರತ್ತಿನ ಮೇಲೆ ಆಸ್ತಿ ಪಡೆದು ಆಮೇಲೆ ಕೈ ಬಿಟ್ಟರೆ, ಆ ದಾನಪತ್ರವನ್ನು ರದ್ದು ಮಾಡಿಸಬಹುದು. ಉಪವಿಭಾಗಾಧಿಕಾರಿ, ಅಂದರೆ ಎಸಿ ಕಚೇರಿಯಲ್ಲಿ ಅರ್ಜಿ ಕೊಡಬೇಕು. ತುಮಕೂರಿನವರಿಗೆ ತುಮಕೂರು, ತಿಪಟೂರು, ಮಧುಗಿರಿಯಲ್ಲಿ ಎಸಿ ಕಚೇರಿ ಇದೆ. ಜೀವನಾಂಶಕ್ಕೂ ಅಲ್ಲೇ ಅರ್ಜಿ. ಇನ್ನೂ ಬರೆದುಕೊಟ್ಟಿಲ್ಲದವರು ಪತ್ರ ಮಾಡಿಸುವಾಗ "ಊಟ, ವಸತಿ, ಔಷಧಿ ನೋಡಿಕೊಳ್ಳತಕ್ಕದ್ದು" ಅನ್ನುವ ಸಾಲನ್ನು ಬಿಡದೆ ಬರೆಸಿ. ಪತ್ರ ಬರೆಯುವವರು "ಮಗನೇ ಅಲ್ವಾ, ಯಾಕೆ" ಅಂದರೂ ಬರೆಸಿ. ಆ ಸಾಲು ಇಲ್ಲದಿದ್ದರೆ ಕೇಸು ಗೆಲ್ಲುವುದು ಕಷ್ಟ.